ಮಾರ್ಕ್‌ಡೌನ್‌ನಲ್ಲಿ ಹೊಸದಾಗಿ ಸೇರಿಸಿದ ಪಠ್ಯವನ್ನು ಗುರುತಿಸಲು ++ ಪ್ಲಗಿನ್: ಕನ್ನಡ ಪಠ್ಯಕ್ಕೆ ಹೊಂದುತ್ತದೆಯೇ?

ಪ್ರಶ್ನೆ

ಸಹಕಾರ ಸಂಘವೊಂದರ ಬೈಲಾವನ್ನು ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಪಠ್ಯದ ರೂಪವನ್ನು ಸೂಚಿಸುವ ಬರವಣಿಗೆಯ ವಿಧಾನ) ಕಡತಗಳಲ್ಲಿ ಇಟ್ಟುಕೊಂಡು, ಅವನ್ನು ಎಚ್‌ಟಿಎಮ್‌ಎಲ್ ಆಗಿ ಬದಲಿಸುವ ಮಾರ್ಕ್‌ಡೌನ್-ಇಟ್ ಎಂಬ ಜಾವಾಸ್ಕ್ರಿಪ್ಟ್ ಪಾರ್ಸರ್‌ನ ಮೂಲಕ ಜಾಲತಾಣದ ಪುಟಗಳನ್ನಾಗಿ ಮಾಡುತ್ತಿದ್ದೇನೆ. ಸರ್ವಸದಸ್ಯರ ಸಭೆಯಲ್ಲಿ ಅಂಗೀಕಾರವಾದ ತಿದ್ದುಪಡಿಯು ಸಹಕಾರ ಸಂಘಗಳ ನಿಬಂಧಕರಲ್ಲಿ ನೋಂದಣಿಯಾಗುವವರೆಗೆ ಊರ್ಜಿತವಾಗುವುದಿಲ್ಲವಾದ್ದರಿಂದ, ಆ ನಡುವಿನ ಅವಧಿಯಲ್ಲಿ ಈಗಿರುವ ಪಠ್ಯವೂ ಅದರೊಳಗೆ ಸೇರಲಿರುವ ಮಾತುಗಳೂ ಒಂದೇ ಪುಟದಲ್ಲಿ ಸದಸ್ಯರಿಗೆ ಬೇರೆ ಬೇರೆಯಾಗಿ ಕಾಣಬೇಕು. ತೆಗೆದುಹಾಕುವ ಪದಗಳಿಗೆ ~~ ಗುರುತನ್ನು ಬಳಸುತ್ತಿದ್ದೇನೆ. ಸೇರಿಸುವ ಪದಗಳಿಗೆ ಅಂಥ ಗುರುತು ಯಾವುದೂ ಸಿಗಲಿಲ್ಲ. ದಪ್ಪಕ್ಷರಗಳನ್ನು ಈಗಾಗಲೇ ಪರಿಭಾಷೆಗಳಿಗೆ ಬಳಸಿದ್ದೇವೆ. ಎಚ್‌ಟಿಎಮ್‌ಎಲ್ ಟ್ಯಾಗ್‌ಗಳನ್ನು ನೇರವಾಗಿ ಬರೆಯೋಣವೆಂದರೆ, ಸುರಕ್ಷತೆಯ ದೃಷ್ಟಿಯಿಂದ ಆ ಆಯ್ಕೆಯನ್ನು ಮುಚ್ಚಿಟ್ಟಿದ್ದೇನೆ. ಮೇಲಾಗಿ ಬೆರಳಚ್ಚು ಮಾಡುವ ಗುಮಾಸ್ತರಿಗೆ ಟ್ಯಾಗ್‌ಗಳ ಪರಿಚಯವಿಲ್ಲ. ಇದಕ್ಕೆ ಪ್ಲಗಿನ್ (ಪಾರ್ಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದೆಯೇ? ಇದ್ದರೆ, ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುವ ಕನ್ನಡದಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತದೆಯೇ?

ಉತ್ತರ 1

ಇದೆ. ಅದರ ಹೆಸರು ಮಾರ್ಕ್‌ಡೌನ್-ಇಟ್-ಇನ್ಸ್. ಪಾರ್ಸರ್ ಅನ್ನು ರೂಪಿಸಿದ ತಂಡವೇ ಇದನ್ನೂ ಬರೆದಿದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಮ್‌ನಿಂದ ಸ್ಥಾಪಿಸಿ, ಪಾರ್ಸರ್‌ನ ‘ಯೂಸ್’ ವಿಧಾನಕ್ಕೆ ಅದನ್ನು ಒಪ್ಪಿಸಿದರೆ ಸಾಕು. ಅಲ್ಲಿಂದ ಮುಂದೆ ++ಸೇರಿಸಿದ ಮಾತು++ ಎಂದು ಬರೆದದ್ದೆಲ್ಲ ಎಚ್‌ಟಿಎಮ್‌ಎಲ್‌ನ ‘ಇನ್ಸ್’ ಟ್ಯಾಗ್‌ನೊಳಗೆ ಬರುತ್ತದೆ. ಎಚ್‌ಟಿಎಮ್‌ಎಲ್ ಆಯ್ಕೆಯನ್ನು ತೆರೆಯುವ ಅಗತ್ಯವೂ ಇಲ್ಲ, ಏಕೆಂದರೆ ಟ್ಯಾಗ್ ಅನ್ನು ಸೃಷ್ಟಿಸುವುದು ರೆಂಡರರ್ (ಪಾರ್ಸರ್‌ನಲ್ಲಿ ಎಚ್‌ಟಿಎಮ್‌ಎಲ್ ಅನ್ನು ಹೊರಡಿಸುವ ಭಾಗ) ಹೊರತು ಬರೆಯುವವರಲ್ಲ.

ಜಾನ್ ಗ್ರೂಬರ್ 2004ರಲ್ಲಿ ಪ್ರಕಟಿಸಿದ ಮೂಲ ಮಾರ್ಕ್‌ಡೌನ್‌ನಲ್ಲಿ ಇದಿರಲಿ, ನೀವು ಬಳಸುತ್ತಿರುವ ~~ ಕೂಡ ಇರಲಿಲ್ಲ. ಒತ್ತು ಕೊಡುವ ಗುರುತುಗಳನ್ನು ಬಿಟ್ಟು ಇಂಥ ಉಳಿದವನ್ನೆಲ್ಲ ಅದು ಎಚ್‌ಟಿಎಮ್‌ಎಲ್‌ಗೇ ಬಿಟ್ಟಿತ್ತು. ಮಾರ್ಕ್‌ಡೌನ್‌ಗೆ ನಿಖರ ರೂಪ ಕೊಡಲು 2014ರಲ್ಲಿ ಬಂದ ಕಾಮನ್‌ಮಾರ್ಕ್ ಎಂಬ ನಿಯಮಾವಳಿಯೂ ಇವೆರಡನ್ನು ಸೇರಿಸಿಕೊಳ್ಳಲಿಲ್ಲ. ಮಾರ್ಕ್‌ಡೌನ್-ಇಟ್ ತನ್ನ ಸಾಮಾನ್ಯ ಸಂರಚನೆಯಲ್ಲಿ ~~ ಅನ್ನು ತೆರೆದಿಟ್ಟಿದೆ, ++ ಅನ್ನು ಪ್ಲಗಿನ್‌ಗೆ ಬಿಟ್ಟಿದೆ.

ಪ್ಲಗಿನ್‌ನ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಸಾಲನ್ನು ಓದುವಾಗ ಎರಡು ಕೂಡು ಚಿಹ್ನೆಗಳು ಸಿಕ್ಕರೆ, ಅವು ಗುರುತನ್ನು ತೆರೆಯಬಲ್ಲವೇ ಅಥವಾ ಮುಚ್ಚಬಲ್ಲವೇ ಎಂಬುದನ್ನು ಅಕ್ಕಪಕ್ಕದ ಅಕ್ಷರಗಳಿಂದ ತೀರ್ಮಾನಿಸಿ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪ್ಯಾರಾ ಮುಗಿದ ಮೇಲೆ ಆ ಪಟ್ಟಿಯಲ್ಲಿ ಜೋಡಿಯಾದವುಗಳನ್ನು ಮಾತ್ರ ಟ್ಯಾಗ್‌ಗಳನ್ನಾಗಿ ಬದಲಿಸಿ, ಜೋಡಿ ಸಿಗದವುಗಳನ್ನು ಇದ್ದಹಾಗೆಯೇ ಬಿಡುತ್ತದೆ. ಹೀಗಾಗಿ ಪ್ಯಾರಾದಿಂದ ಪ್ಯಾರಾಗೆ ಗುರುತು ದಾಟುವುದಿಲ್ಲ. ಮೂರು ಪ್ಯಾರಾಗಳ ಹೊಸ ನಿಯಮವೊಂದನ್ನು ಸೇರಿಸುವುದಾದರೆ ಪ್ರತಿ ಪ್ಯಾರಾಕ್ಕೂ ಪ್ರತ್ಯೇಕವಾಗಿ ++ ಹಾಕಬೇಕಾಗುತ್ತದೆ. ++ ಆದ ಮೇಲೆ ತೆರಪು ಬಿಟ್ಟರೂ ಗುರುತು ತೆರೆದುಕೊಳ್ಳುವುದಿಲ್ಲ. ಗುಮಾಸ್ತರಿಗೆ ಇದನ್ನು ಮೊದಲೇ ಹೇಳಿಬಿಡಿ.

ಪ್ರತ್ಯಯಗಳ ವಿಷಯಕ್ಕೆ ಬಂದರೆ, ++ ಗುರುತು ಒತ್ತು ಕೊಡುವ ನಕ್ಷತ್ರ ಚಿಹ್ನೆಯಂತೆ (*) ಪದದ ನಡುವೆಯೂ ತೆರೆದು ಮುಚ್ಚಬಲ್ಲದು. ‘++ನಿರ್ದೇಶಕ++ರನ್ನು’ ಎಂದು ಬರೆದರೆ ‘ನಿರ್ದೇಶಕ’ ಎಂಬಷ್ಟಕ್ಕೇ ಗುರುತು ಬೀಳುತ್ತದೆ. ಆದರೆ ಗುಣಿತಾಕ್ಷರವನ್ನು ಸೀಳಬೇಡಿ. ಒಂದು ಕೊಂಬನ್ನೋ ದೀರ್ಘವನ್ನೋ ಮಾತ್ರ ಸೇರಿಸಿದ್ದೀರೆಂದು ಅದರ ಸುತ್ತ ++ ಹಾಕಿದರೆ, ಸ್ವರಚಿಹ್ನೆಯು ತನ್ನ ವ್ಯಂಜನದಿಂದ ಬೇರ್ಪಟ್ಟು ಕಡತದಲ್ಲಿ ಚುಕ್ಕೆಗಳ ವೃತ್ತದೊಡನೆ ಕಾಣಿಸಿಕೊಳ್ಳಬಹುದು. ಅಂಥಲ್ಲಿ ಇಡೀ ಪದವನ್ನೇ ಗುರುತಿಸುವುದು ಲೇಸು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಸ್ಥಾಪಿಸಿ ನೋಡಿದೆ, ಬಹುಮಟ್ಟಿಗೆ ಸರಿಯಾಗಿದೆ. ಆದರೆ ಒಂದು ಕಡೆ ಕೂಡು ಚಿಹ್ನೆಗಳು ಹಾಗೆಯೇ ಪುಟದಲ್ಲಿ ಉಳಿದುಬಿಟ್ಟಿವೆ. ನಾನು ಬರೆದದ್ದು: ಈ ಸೌಲಭ್ಯವು ++‘ಸಹ ಸದಸ್ಯ’++ರಿಗೆ ಅನ್ವಯಿಸುವುದಿಲ್ಲ. ಪ್ರತ್ಯಯವು ಪದದ ಬೆನ್ನಿಗೇ ಬಂದಾಗ ಕೆಲಸ ಮಾಡುವ ಗುರುತು ಇಲ್ಲೇಕೆ ಮಾಡುತ್ತಿಲ್ಲ?

ಉತ್ತರ 2

ಇದು ಪ್ಲಗಿನ್‌ನ ದೋಷವಲ್ಲ, ಅದು ಕಾಮನ್‌ಮಾರ್ಕ್‌ನಿಂದ ಎರವಲು ಪಡೆದ ನಿಯಮದ ಫಲ. ಮುಚ್ಚುವ ಗುರುತಿನ ಎಡಕ್ಕೆ ವಿರಾಮ ಚಿಹ್ನೆಯಿದ್ದರೆ, ಅದರ ಬಲಕ್ಕೆ ತೆರಪಾಗಲಿ ಮತ್ತೊಂದು ವಿರಾಮ ಚಿಹ್ನೆಯಾಗಲಿ ಇರಲೇಬೇಕು ಎಂದು ಆ ನಿಯಮ ಹೇಳುತ್ತದೆ. ನಿಮ್ಮ ವಾಕ್ಯದಲ್ಲಿ ಎರಡನೆಯ ++ ಗುರುತಿನ ಎಡಕ್ಕೆ ಉದ್ಧರಣ ಚಿಹ್ನೆಯೂ ಬಲಕ್ಕೆ ‘ರಿ’ ಅಕ್ಷರವೂ ಇರುವುದರಿಂದ ಪಾರ್ಸರ್ ಅದನ್ನು ಮುಚ್ಚುವ ಗುರುತೆಂದು ಒಪ್ಪುವುದಿಲ್ಲ. ತೆರೆಯುವ ಗುರುತೆಂದೇ ಭಾವಿಸಿ, ಅದಕ್ಕೊಂದು ಜೋಡಿ ಸಿಗದೆ ಕೈಬಿಡುತ್ತದೆ. ಇಂಗ್ಲಿಷಿನಲ್ಲಿ ಉದ್ಧರಣ ಚಿಹ್ನೆ ಮುಚ್ಚಿದ ಕೂಡಲೇ ಅಕ್ಷರ ಬರುವುದು ಅಪರೂಪವಾದ್ದರಿಂದ ಅಲ್ಲಿ ಇದು ಯಾರಿಗೂ ತಟ್ಟುವುದಿಲ್ಲ. ಆದರೆ ಚೀನೀ, ಜಪಾನೀ ಭಾಷೆಗಳಲ್ಲಿ ಬರೆಯುವವರು ನಕ್ಷತ್ರ ಚಿಹ್ನೆಯ ವಿಷಯದಲ್ಲಿ ಇದೇ ತೊಂದರೆಯನ್ನು ಎದುರಿಸುತ್ತಾರೆ. ಆವರಣ ಚಿಹ್ನೆಯ ನಂತರ ವಿಭಕ್ತಿ ಬಂದರೂ ಹೀಗೆಯೇ ಆಗುತ್ತದೆ.

ಪರಿಹಾರ ಸುಲಭ: ಗುರುತನ್ನು ಉದ್ಧರಣ ಚಿಹ್ನೆಯ ಒಳಕ್ಕೆ ಸರಿಸಿ ‘++ಸಹ ಸದಸ್ಯ++’ರಿಗೆ ಎಂದು ಬರೆಯಿರಿ, ಇಲ್ಲವೇ ಪ್ರತ್ಯಯವನ್ನೂ ಒಳಗೆ ಸೇರಿಸಿಕೊಂಡು ++‘ಸಹ ಸದಸ್ಯ’ರಿಗೆ++ ಎಂದು ಬರೆಯಿರಿ. ಬೈಲಾದ ತಿದ್ದುಪಡಿಯಲ್ಲಿ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಅರ್ಧ ಪದಕ್ಕೆ ಗುರುತು ಬಿದ್ದರೆ ಸೇರಿದ್ದು ಏನೆಂಬ ಬಗ್ಗೆ ಓದುವವರಿಗೆ ಅನುಮಾನ ಬರುತ್ತದೆ.

ಪ್ರತ್ಯಯಗಳಿಂದಲೇ ಹುಟ್ಟುವ, ಇದಕ್ಕೆ ತದ್ವಿರುದ್ಧವಾದ ತೊಡಕೂ ಒಂದಿದೆ. ಅದು ನಿಮ್ಮ ಬೈಲಾಕ್ಕೆ ಸಂಬಂಧಿಸದಿದ್ದರೂ ತಂತ್ರಾಂಶದ ಬಗ್ಗೆ ಬರೆಯುವವರಿಗೆ ಬೇಕಾಗುತ್ತದೆ. ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗೆಗಿನ ‘ಸಿ++ನಲ್ಲಿ ಬರೆದದ್ದನ್ನು ಹೊಸ ಸಿ++ಗೆ ಒಗ್ಗಿಸಬೇಕು’ ಎಂಬ ವಾಕ್ಯದಲ್ಲಿ ಎರಡೂ ++ ಗುರುತುಗಳ ಇಕ್ಕೆಲಗಳಲ್ಲಿ ಅಕ್ಷರಗಳಿರುವುದರಿಂದ ಅವು ಪರಸ್ಪರ ಜೋಡಿಯಾಗಿ, ನಡುವಿನ ಮಾತುಗಳೆಲ್ಲ ‘ಸೇರಿಸಿದ ಪಠ್ಯ’ವಾಗಿಬಿಡುತ್ತವೆ. ಮೊದಲ ಕೂಡು ಚಿಹ್ನೆಯ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಸಿ\++ನಲ್ಲಿ ಎಂದು ಬರೆದರೆ ಉಳಿಯುವುದು ಒಂಟಿ ಚಿಹ್ನೆಯಾದ್ದರಿಂದ ಪ್ಲಗಿನ್ ಅದನ್ನು ಮುಟ್ಟುವುದಿಲ್ಲ.

ಉತ್ತರ 3

ಪುಟದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದರ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಬ್ರೌಸರ್‌ಗಳು ‘ಇನ್ಸ್’ ಟ್ಯಾಗ್‌ಗೆ ತಾವಾಗಿಯೇ ಅಡಿಗೆರೆ ಎಳೆಯುತ್ತವೆ. ಕೊಂಡಿಗಳಿಗೂ ಅಡಿಗೆರೆಯೇ ಇರುವುದರಿಂದ ಸದಸ್ಯರು ತಿದ್ದುಪಡಿಯ ಮೇಲೆ ಕ್ಲಿಕ್ ಮಾಡಲು ಹೋಗುವುದು ಸಹಜ. ಕನ್ನಡದಲ್ಲಿ ಇನ್ನೊಂದು ಕಿರಿಕಿರಿಯಿದೆ: ‘ವ್ಯವಸ್ಥಾಪಕ’, ‘ನಿಷ್ಪಕ್ಷಪಾತ’ದಂಥ ಪದಗಳಲ್ಲಿ ಒತ್ತಕ್ಷರ ಕೆಳಗಿಳಿದಲ್ಲೆಲ್ಲ ಬ್ರೌಸರ್ ಗೆರೆಯನ್ನು ಕತ್ತರಿಸುತ್ತದೆ, ಹೀಗಾಗಿ ಒಂದೇ ತಿದ್ದುಪಡಿಯು ತುಂಡುತುಂಡಾಗಿ ಕಾಣುತ್ತದೆ. ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅಡಿಗೆರೆಯನ್ನು ತೆಗೆದು, ತಿಳಿಹಸಿರು ಹಿನ್ನೆಲೆಯನ್ನೂ ಕೆಳಅಂಚಿಗೆ ‘ಬಾರ್ಡರ್-ಬಾಟಮ್’ ಗೆರೆಯನ್ನೂ ಕೊಡಿ. ಆ ಗೆರೆ ಒತ್ತಕ್ಷರಗಳಿಗಾಗಿ ತುಂಡಾಗುವುದಿಲ್ಲ. ಮುದ್ರಣದಲ್ಲಿ ಬ್ರೌಸರ್‌ಗಳು ಸಾಮಾನ್ಯವಾಗಿ ಹಿನ್ನೆಲೆ ಬಣ್ಣವನ್ನು ಬಿಟ್ಟುಬಿಡುವುದರಿಂದ ಸೂಚನಾ ಫಲಕಕ್ಕೆ ಅಂಟಿಸುವ ಪ್ರತಿಯಲ್ಲಿ ನಿಮಗೆ ಉಳಿಯುವುದು ಅದೇ ಗೆರೆ. ಹೆಚ್ಚಿನ ಸ್ಕ್ರೀನ್ ರೀಡರ್‌ಗಳು ಈ ಟ್ಯಾಗ್ ಇದೆಯೆಂದು ಓದಿ ಹೇಳುವುದಿಲ್ಲವಾದ್ದರಿಂದ, ದೃಷ್ಟಿದೋಷವಿರುವ ಸದಸ್ಯರಿಗಾಗಿ ತಿದ್ದುಪಡಿಗಳ ಪಟ್ಟಿಯನ್ನು ಪುಟದ ಮೇಲ್ಭಾಗದಲ್ಲಿ ಮಾತಿನಲ್ಲೇ ಕೊಡುವುದು ಒಳ್ಳೆಯದು.

ತೆಗೆದುಹಾಕಿದ ಪಠ್ಯದ ಬಗ್ಗೆಯೂ ಒಂದು ಮಾತು. ಮಾರ್ಕ್‌ಡೌನ್-ಇಟ್ ~~ ಗುರುತಿಗೆ ಕೊಡುವುದು ‘ಎಸ್’ ಟ್ಯಾಗ್, ‘ಡೆಲ್’ ಅಲ್ಲ. ‘ಎಸ್’ ಎಂದರೆ ಈಗ ಪ್ರಸ್ತುತವಲ್ಲದ ಮಾಹಿತಿ ಎಂದಷ್ಟೇ ಅರ್ಥ; ದಾಖಲೆಯ ತಿದ್ದುಪಡಿಗೆ ಅದನ್ನು ಬಳಸಬಾರದೆಂದು, ಅದಕ್ಕೆ ‘ಡೆಲ್’ ಇದೆಯೆಂದು ಎಚ್‌ಟಿಎಮ್‌ಎಲ್ ಮಾನದಂಡವೇ ಹೇಳುತ್ತದೆ. ‘ಇನ್ಸ್’ಗೆ ಸರಿಜೋಡಿಯಾಗಬೇಕಾದರೆ ರೆಂಡರರ್‌ನ ನಿಯಮಗಳಲ್ಲಿ ~~ ಗುರುತಿನ ಟೋಕನ್‌ನ (ಪಾರ್ಸರ್ ಬಿಡಿಸಿಟ್ಟ ತುಣುಕಿನ) ತೆರೆಯುವ ಮತ್ತು ಮುಚ್ಚುವ ಭಾಗಗಳೆರಡನ್ನೂ ‘ಡೆಲ್’ ಎಂದು ಬದಲಿಸಿಕೊಳ್ಳಿ. ಹತ್ತು ಸಾಲಿಗಿಂತ ಹೆಚ್ಚಿನ ಕೆಲಸವಲ್ಲ.

ಉತ್ತರ 4

ಮೇಲಿನ ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಈ ಕಡತಗಳನ್ನು ಮುಂದೆ ಬೇರೆ ವ್ಯವಸ್ಥೆಗೆ ಸಾಗಿಸುವ ಸಂಭವವಿದ್ದರೆ ಈಗಲೇ ಯೋಚಿಸಿ. ಜಾಲದಲ್ಲೇ ಮಾರ್ಕ್‌ಡೌನ್ ಬರೆಯುವ ಹ್ಯಾಕ್‌ಎಮ್‌ಡಿಯಲ್ಲಿ ++ ನಡೆಯುತ್ತದೆ. ಜಾಲತಾಣಗಳನ್ನು ರೂಪಿಸುವ ತಂತ್ರಾಂಶವಾದ ಹ್ಯೂಗೋದಲ್ಲಿ ಹೆಚ್ಚುವರಿ ವಿಸ್ತರಣೆಯನ್ನು ತೆರೆದುಕೊಂಡರೆ ನಡೆಯುತ್ತದೆ. ಪೈಥಾನ್‌ನ ಪೈಎಮ್‌ಡೌನ್ ವಿಸ್ತರಣೆಗಳಲ್ಲಿ ಇದೇ ಕೆಲಸಕ್ಕೆ ^^ ಬಳಸುತ್ತಾರೆ. ಕಡತಗಳನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಇವೆರಡೂ ತಿಳಿಯುವುದಿಲ್ಲ, ಅಲ್ಲಿ ಟ್ಯಾಗ್ ಅನ್ನೇ ಬರೆಯಬೇಕು. ತಿದ್ದುಪಡಿ ನೋಂದಣಿಯಾದ ದಿನವೇ ++ ಗುರುತುಗಳನ್ನೂ ~~ ನಡುವಿನ ಪಠ್ಯವನ್ನೂ ತೆಗೆದು ಶುದ್ಧ ಪ್ರತಿಯನ್ನು ಗಿಟ್‌ನಲ್ಲಿ (ಕಡತದ ಆವೃತ್ತಿಗಳನ್ನು ಕಾಪಿಡುವ ತಂತ್ರಾಂಶ) ಉಳಿಸುವ ಪದ್ಧತಿಯಿಟ್ಟುಕೊಂಡರೆ, ಯಾವುದೇ ಸಮಯದಲ್ಲಿ ಕಡತದಲ್ಲಿರುವುದು ನೋಂದಣಿಗೆ ಕಾದಿರುವ ಗುರುತುಗಳು ಮಾತ್ರ. ಸಾಗಿಸುವಾಗ ಬದಲಿಸಬೇಕಾದದ್ದೂ ಅಷ್ಟೇ.