‘ದಾರಿ ಮುಚ್ಚಿದೆ’: ಹುಲ್ಲು ಮುಚ್ಚಿದ್ದೋ, ಇಲಾಖೆ ಮುಚ್ಚಿದ್ದೋ?

ಆತ್ಮೀಯರೆ,

ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆಯಲ್ಲಿ ಪಶ್ಚಿಮ ಘಟ್ಟದ ಚಾರಣದ ದಾರಿಗಳಿಗೆ ಜನರು ಮಾಡುವ ತಿದ್ದುಪಡಿಗಳನ್ನು ನೋಡಿ ಸರಿಪಡಿಸುವವರಲ್ಲಿ ನಾನೂ ಒಬ್ಬಳು. ಹೊಸಬರಿಗೆಂದು ಕನ್ನಡದಲ್ಲಿ ಕಿರುಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಮುಚ್ಚು’ ಎಂಬ ಒಂದೇ ಕ್ರಿಯಾಪದ ನನ್ನನ್ನು ತಡೆದು ನಿಲ್ಲಿಸಿದೆ.

ಕುಮಾರಪರ್ವತದ ಬಗ್ಗೆ ‘ಗಿರಿಗದ್ದೆಯಿಂದ ಮೇಲೆ ದಾರಿ ಮುಚ್ಚಿದೆ’ ಎಂದು ಜುಲೈ ತಿಂಗಳಲ್ಲಿ ಯಾರೋ ಟಿಪ್ಪಣಿ ಬರೆದರು ಎನ್ನಿ. ಮಳೆಗಾಲದಲ್ಲಿ ಅರಣ್ಯ ಇಲಾಖೆ ಅಲ್ಲಿ ಚಾರಣ ನಿಲ್ಲಿಸುವುದುಂಟು. ಅದೇ ಹೊತ್ತಿಗೆ ಹುಲ್ಲು ಸೊಂಟದೆತ್ತರ ಬೆಳೆದು ಕಾಲುದಾರಿ ಕಾಣದಾಗುವುದೂ ಉಂಟು. ಬರೆದವರು ಹೇಳಿದ್ದು ಯಾವುದನ್ನು? ‘ದಾರಿ ಇಲ್ಲ’ ಎಂದರೂ ಇದೇ ತೊಡಕು. ದಾರಿಯೇ ಇಲ್ಲದ ಕಡೆಯಲ್ಲೂ ಅದನ್ನೇ ಹೇಳುತ್ತೇವೆ, ಗೇಟು ಹಾಕಿದ ದಾರಿಯ ಮುಂದೆಯೂ ಅದನ್ನೇ ಬರೆದು ನಿಲ್ಲಿಸುತ್ತೇವೆ.

ನಕ್ಷೆಯಲ್ಲಿ ಇವು ಬೇರೆ ಬೇರೆ ಮಾಹಿತಿ. ದಾರಿ ಕಣ್ಣಿಗೆ ಎಷ್ಟು ಸ್ಪಷ್ಟ ಎಂಬುದಕ್ಕೆ ಆರು ಹಂತಗಳಿವೆ. ನಡೆಯಲು ಅನುಮತಿ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸಬೇಕು; ಅದರಲ್ಲೂ ಪೂರ್ಣ ನಿಷೇಧ ಬೇರೆ, ಪರವಾನಗಿ ಪಡೆದು ಹೋಗಬಹುದಾದದ್ದು ಬೇರೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದು, ಇಲಾಖೆ ಚಾರಣ ತಡೆದು, ಬಳಿಕ ಆನ್‌ಲೈನ್ ಬುಕಿಂಗ್ ತಂದ ಮೇಲಂತೂ ಈ ವ್ಯತ್ಯಾಸವನ್ನು ಸರಿಯಾಗಿ ಬರೆಯದೆ ಗತಿಯಿಲ್ಲ.

ತಪ್ಪಾಗಿ ಓದಿದರೆ ಆಗುವ ಅನರ್ಥ ಸಣ್ಣದಲ್ಲ. ‘ಮುಚ್ಚಿದೆ’ ಎಂದದ್ದನ್ನು ‘ಈಗ ಇಲ್ಲ’ ಎಂದುಕೊಂಡು ಉತ್ಸಾಹಿಗಳು ನಕ್ಷೆಯಿಂದ ಗೆರೆಯನ್ನೇ ಅಳಿಸುತ್ತಾರೆ. ನೆಲದ ಮೇಲೆ ದಾರಿ ಇದ್ದೇ ಇರುತ್ತದೆ. ಮುಂದೆ ಬಂದ ಚಾರಣಿಗರೊಬ್ಬರು ತಮ್ಮ ಜಿಪಿಎಸ್ ದಾಖಲೆ ನೋಡಿ ಅದನ್ನು ಮತ್ತೆ ಎಳೆಯುತ್ತಾರೆ. ಈ ಸಲ ನಿಷೇಧದ ಗುರುತು ಇರುವುದಿಲ್ಲ! ಆದ್ದರಿಂದ ಗೆರೆಯನ್ನು ಉಳಿಸಿ, ನಿಷೇಧವನ್ನು ಅದರ ಮೇಲೆಯೇ ಗುರುತಿಸಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ.

ಮೊದಲು ‘ಮುಚ್ಚಿಹೋಗಿದೆ’, ‘ಮುಚ್ಚಿದ್ದಾರೆ’ ಎಂದು ಬೇರ್ಪಡಿಸಲು ಯೋಚಿಸಿದೆ. ‘ಹೋಗು’ ಸೇರಿದಾಗ ತಾನಾಗಿ ಆದದ್ದು ಎಂಬ ಛಾಯೆ ಬರುತ್ತದಲ್ಲವೇ? ಆದರೆ ‘ಶಾಲೆ ಮುಚ್ಚಿಹೋಯಿತು’ ಎನ್ನುವಾಗ ಮುಚ್ಚಿದವರು ಮನುಷ್ಯರೇ. ಹಾಗಾಗಿ ‘ಮುಚ್ಚು’ವನ್ನೇ ಬಿಟ್ಟು, ‘ಹುಲ್ಲು ಬೆಳೆದು ದಾರಿ ಕಾಣುವುದಿಲ್ಲ’ ಮತ್ತು ‘ಹೋಗುವಂತಿಲ್ಲ’ ಎಂದು ಬರೆಯುವುದು ಮೇಲೆನಿಸುತ್ತದೆ. ‘ಹೋಗಲಾಗದು’ ಎಂದರೆ ಸಾಧ್ಯವಿಲ್ಲ, ‘ಹೋಗುವಂತಿಲ್ಲ’ ಎಂದರೆ ಅನುಮತಿಯಿಲ್ಲ ಎಂಬುದು ನನ್ನ ಕಿವಿಗೆ ಕೇಳುವ ಅರ್ಥ. ಆದರೆ ‘ಈ ಮಳೆಯಲ್ಲಿ ಹೊರಗೆ ಹೋಗುವಂತಿಲ್ಲ’ ಎಂದೂ ಹೇಳುತ್ತೇವಲ್ಲ! ನಿಮ್ಮ ಕಡೆ ಈ ಮಾತು ನಿಷೇಧವನ್ನು ತಪ್ಪದೆ ತಿಳಿಸುತ್ತದೆಯೇ?

ಜೊತೆಗೆ ಇನ್ನೊಂದು. ಬೋಳು ಗುಡ್ಡಗಳ ಮೇಲೆ ದನಗಳೋ ಕಾಟಿಗಳೋ ತುಳಿದು ಆದ ಗೆರೆಗಳು ಉಪಗ್ರಹ ಚಿತ್ರದಲ್ಲಿ ಥೇಟ್ ಕಾಲುದಾರಿಯಂತೆ ಕಾಣುತ್ತವೆ. ಅವನ್ನು ಚಾರಣದ ದಾರಿಯೆಂದು ಸೇರಿಸಬೇಡಿ ಎನ್ನಲು ‘ಜಾಡು’ ಎಂಬ ಪದ ಸಾಕೇ, ‘ದನದ ಜಾಡು’ ಎಂದೇ ಬಿಡಿಸಿ ಹೇಳಬೇಕೇ? ಮಲೆನಾಡು, ಕೊಡಗು, ಕರಾವಳಿಯ ಕಡೆಯವರು ತಮ್ಮೂರಿನಲ್ಲಿ ಇದಕ್ಕೆ ಬಳಸುವ ಪದವನ್ನು ತಿಳಿಸಿದರೆ ಕೈಪಿಡಿಯಲ್ಲಿ ಸೇರಿಸುತ್ತೇನೆ.