ಹೊನಲು ಬೆಳಕಿನ ಪಂದ್ಯಾವಳಿಗಳು ಮತ್ತು ಕಾಲೇಜು ವಾಲಿಬಾಲ್ ತಂಡ: ಹುಡುಗರನ್ನು ತಡೆಯಬೇಕೇ?

ಪ್ರಶ್ನೆ: ದೈಹಿಕ ಶಿಕ್ಷಣ ನಿರ್ದೇಶಕ, ಉತ್ತರ ಕನ್ನಡ

ಎಲ್ಲರಿಗೂ ನಮಸ್ಕಾರ. ನಮ್ಮದು ಕರಾವಳಿಯ ಒಂದು ಪದವಿ ಕಾಲೇಜು. ಪುರುಷರ ವಾಲಿಬಾಲ್ ತಂಡದಲ್ಲಿ ಈ ವರ್ಷ ಒಳ್ಳೆಯ ಆಟಗಾರರಿದ್ದಾರೆ. ವಲಯ ಮಟ್ಟದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಫೈನಲ್ ತಲುಪಿರುವ ಅವರು ಈಗ ಅಂತರ ವಲಯ ಪಂದ್ಯಗಳಿಗೆ ಸಿದ್ಧರಾಗಬೇಕಿದೆ. ಆದರೆ ಮಳೆ ನಿಂತದ್ದೇ ತಡ, ಸುತ್ತಲಿನ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ಶುರುವಾಗಿವೆ. ಶನಿವಾರ ರಾತ್ರಿ ಆರಂಭವಾದ ಆಟ ಭಾನುವಾರ ಬೆಳಗಿನ ಜಾವದವರೆಗೂ ನಡೆಯುತ್ತದೆ. ನಮ್ಮ ಹುಡುಗರು ಬೇರೆ ಬೇರೆ ಊರಿನ ತಂಡಗಳಿಗೆ ಆಡಲು ಹೋಗುತ್ತಾರೆ. ಕಳೆದ ಸೋಮವಾರ ಅಭ್ಯಾಸಕ್ಕೆ ಬಂದ ನಮ್ಮ ಮುಖ್ಯ ಸ್ಮ್ಯಾಶರ್, ಮಂಡಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು, ಜಿಗಿಯುವ ಬದಲು ನಿಂತಲ್ಲಿಂದಲೇ ಚೆಂಡನ್ನು ಆಚೆಗೆ ತಳ್ಳುತ್ತಿದ್ದ.

ಈ ಪಂದ್ಯಗಳಿಗೆ ಹೋಗಲೇಬಾರದೆಂದು ಕಟ್ಟಪ್ಪಣೆ ಮಾಡಲು ನನಗೆ ಮನಸ್ಸಿಲ್ಲ. ಅವರಲ್ಲಿ ಹೆಚ್ಚಿನವರು ಆಟ ಕಲಿತದ್ದೇ ಅಂಥ ಮೈದಾನಗಳಲ್ಲಿ, ಮತ್ತು ಅಲ್ಲಿ ಸಿಗುವ ಹಣದಿಂದಲೇ ಶೂ ಕೊಳ್ಳುವವರೂ ಇದ್ದಾರೆ. ಆದರೂ ಇಷ್ಟು ಒಳ್ಳೆಯ ತಂಡ ನಮಗೆ ಮತ್ತೆ ಯಾವಾಗ ಸಿಗುವುದೋ ಎಂಬ ಕಳವಳವಿದೆ. ಅನುಭವವಿದ್ದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ಮಾಜಿ ವಿಶ್ವವಿದ್ಯಾಲಯ ಆಟಗಾರ (ಲಿಫ್ಟರ್)

ಸರ್, ನಿಷೇಧ ಹೇರಿದರೆ ಹುಡುಗರು ನಿಮಗೆ ಹೇಳದೆ ಹೋಗುತ್ತಾರೆ, ಗಾಯವಾದರೆ ಅದನ್ನೂ ಮುಚ್ಚಿಡುತ್ತಾರೆ. ಅದರ ಬದಲು ಮುಂದಿನ ದಾರಿ ಎಷ್ಟು ದೂರವಿದೆ ಎಂಬುದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಿ. ಅಂತರ ವಲಯದಲ್ಲಿ ಗಮನ ಸೆಳೆದವರು ವಿಶ್ವವಿದ್ಯಾಲಯದ ಆಯ್ಕೆ ಶಿಬಿರಕ್ಕೆ ಹೋಗುತ್ತಾರೆ. ಅಲ್ಲಿಂದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ನಾಕೌಟ್ ಸುತ್ತುಗಳನ್ನು ದಾಟಿ ಕೊನೆಯ ನಾಲ್ಕರಲ್ಲಿ ಉಳಿದ ತಂಡಗಳಿಗೆ ಮಾತ್ರ ಅಖಿಲ ಭಾರತ ಮಟ್ಟದ ಅವಕಾಶ. ಕ್ಯಾಲಿಕಟ್, ಎಸ್‌ಆರ್‌ಎಂ ವಿಶ್ವವಿದ್ಯಾಲಯಗಳಂತಹ ತಂಡಗಳು ನಮ್ಮದೇ ವಲಯದಲ್ಲಿ ಇರುವುದರಿಂದ ಆ ನಾಲ್ಕು ಸ್ಥಾನಗಳಿಗೆ ಎಷ್ಟು ಪೈಪೋಟಿ ಇರುತ್ತದೆಂದು ನಿಮಗೆ ಗೊತ್ತೇ ಇದೆ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡಿದ ಪ್ರಮಾಣಪತ್ರಕ್ಕೆ ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನೇಮಕಾತಿಗಳಲ್ಲಿ ಮಾನ್ಯತೆ ಇದೆ ಎಂಬುದನ್ನು ಹುಡುಗರಿಗೂ ಅವರ ಮನೆಯವರಿಗೂ ಕೂರಿಸಿಕೊಂಡು ಹೇಳಿ.

ದಣಿವಿಗಿಂತಲೂ ನನಗೆ ಹೆಚ್ಚು ಚಿಂತೆಯ ವಿಷಯವೆಂದರೆ ಅಲ್ಲಿ ಬೆಳೆಯುವ ಆಟದ ರೂಢಿ. ಹೊನಲು ಬೆಳಕಿನ ಪಂದ್ಯದಲ್ಲಿ ಜನ ಚಪ್ಪಾಳೆ ತಟ್ಟುವುದು ಸ್ಮ್ಯಾಶ್‌ಗೆ. ಎದುರಾಳಿಯ ಸರ್ವಿಸ್ ಪಡೆದವನು ಕೊಡುವ ಮೊದಲ ಪಾಸ್ ಹೇಗೇ ಬಂದರೂ ಲಿಫ್ಟರ್ (ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವವನು) ಅದನ್ನು ಎಡ ಮೂಲೆಗೆ ಎತ್ತರವಾಗಿ ಕೊಡುತ್ತಾನೆ, ಅಲ್ಲಿರುವ ಎತ್ತರದ ಹುಡುಗ ಹೊಡೆದು ಪಾಯಿಂಟ್ ತರುತ್ತಾನೆ. ವಿಶ್ವವಿದ್ಯಾಲಯ ಮಟ್ಟದಲ್ಲಿ ಅದೇ ಎತ್ತರದ ಚೆಂಡಿಗೆ 2.43 ಮೀಟರ್ ನೆಟ್‌ನ ಮೇಲೆ ಇಬ್ಬರೋ ಮೂವರೋ ಬ್ಲಾಕರ್‌ಗಳು ಕೈ ಚಾಚಿ ಕಾದಿರುತ್ತಾರೆ. ಅವರನ್ನು ಚದುರಿಸಬೇಕಾದರೆ ಸೆಂಟರ್‌ನಿಂದ ವೇಗದ ದಾಳಿ ಆಗಬೇಕು, ಅದಕ್ಕೆ ಮೊದಲ ಪಾಸ್ ನೆಟ್‌ಗೆ ಒಂದೆರಡು ಹೆಜ್ಜೆ ದೂರದಲ್ಲಿ ಲಿಫ್ಟರ್‌ನ ತಲೆಯ ಮೇಲೆಯೇ ಬರಬೇಕು. ನಾನು ಆಡುತ್ತಿದ್ದಾಗ ಪಾಸ್ ಮೂರು ಮೀಟರ್ ಗೆರೆಯ ಹಿಂದೆ ಬಿತ್ತೆಂದರೆ ನನ್ನ ಮುಂದಿದ್ದ ಆಯ್ಕೆಗಳೆಲ್ಲ ಮುಗಿದವೆಂದೇ ಅರ್ಥ; ನಾನು ಎತ್ತ ಕೊಡುತ್ತೇನೆಂಬುದು ಎದುರಾಳಿಗಳಿಗೂ ಗೊತ್ತಿರುತ್ತಿತ್ತು.

ಆದ್ದರಿಂದ ಅಭ್ಯಾಸದ ಅರ್ಧ ಸಮಯವನ್ನು ಸರ್ವಿಸ್ ಮತ್ತು ಸರ್ವಿಸ್ ಪಡೆಯುವುದಕ್ಕೇ ಮೀಸಲಿಡಿ. ಅದರಲ್ಲೂ ಫ್ಲೋಟ್ ಸರ್ವಿಸ್. ಚೆಂಡು ತಿರುಗದೆ ಬರುವುದರಿಂದ ಕೊನೆಯ ಕ್ಷಣದಲ್ಲಿ ಅತ್ತಿತ್ತ ವಾಲುತ್ತದೆ, ಕೈ ಚಾಚಿ ನಿಂತವನ ಭುಜಕ್ಕೆ ಬಡಿದು ಹೊರಗೆ ಹಾರುತ್ತದೆ. ಚೆಂಡು ಬರುವ ಮುನ್ನವೇ ಕಾಲು ಸರಿಸಿ ಅದರ ಹಿಂದೆ ನಿಲ್ಲುವುದನ್ನು ಕಲಿಸಬೇಕು. ಹಳೆಯ ಪಾಯಿಂಟ್ ಪದ್ಧತಿಯಲ್ಲಿ ಎದುರಾಳಿಯ ಸರ್ವಿಸ್‌ನಲ್ಲಿ ಎಡವಿದರೆ ಪಾಯಿಂಟ್ ಹೋಗುತ್ತಿತ್ತು, ನಮ್ಮದೇ ಸರ್ವಿಸ್ ನೆಟ್‌ಗೆ ಬಡಿದರೆ ಸರ್ವಿಸ್ ಮಾತ್ರ ಕೈತಪ್ಪುತ್ತಿತ್ತು. ಈಗ ಎರಡೂ ತಪ್ಪಿಗೆ ಪಾಯಿಂಟೇ ಹೋಗುತ್ತದೆ, 25 ಪಾಯಿಂಟ್‌ಗಳ ಸೆಟ್‌ನಲ್ಲಿ ಅಂಥ ನಾಲ್ಕೈದು ತಪ್ಪುಗಳಾದರೆ ಮತ್ತೆ ಏಳುವುದು ಕಷ್ಟ.

ಉತ್ತರ: ಫಿಸಿಯೋಥೆರಪಿಸ್ಟ್, ಶಿವಮೊಗ್ಗ

ಮಂಡಿಗೆ ಬ್ಯಾಂಡೇಜ್ ಕಟ್ಟಿಕೊಂಡ ಹುಡುಗನ ಬಗ್ಗೆ ಮಾತ್ರ ಬರೆಯುತ್ತೇನೆ. ನೋವು ಮಂಡಿಚಿಪ್ಪಿನ ಕೆಳತುದಿಯಲ್ಲಿ, ಬೆರಳಿನಿಂದ ಒತ್ತಿ ತೋರಿಸಬಹುದಾದ ಒಂದೇ ಜಾಗದಲ್ಲಿದ್ದರೆ, ಅದು ಹೆಚ್ಚಾಗಿ ಜಿಗಿತದ ಆಟಗಾರರನ್ನು ಕಾಡುವ ಸ್ನಾಯುರಜ್ಜಿನ ತೊಂದರೆ. 2005ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ ಉನ್ನತ ಮಟ್ಟದ ಪುರುಷ ವಾಲಿಬಾಲ್ ಆಟಗಾರರ ಪೈಕಿ ಸುಮಾರು 45 ಪ್ರತಿಶತದಷ್ಟು ಜನರಲ್ಲಿ ಇದು ಕಂಡುಬಂದಿತ್ತು. ವಾರವಿಡೀ ಹಿತಮಿತವಾಗಿ ಜಿಗಿದವನು ಒಂದೇ ರಾತ್ರಿಯಲ್ಲಿ, ಗಟ್ಟಿ ನೆಲದ ಮೇಲೆ, ನಿದ್ದೆಗೆಟ್ಟು ಐದಾರು ಪಂದ್ಯ ಆಡಿದರೆ ಸ್ನಾಯುರಜ್ಜು ಆ ಹಠಾತ್ ಹೊರೆಯನ್ನು ತಾಳಲಾರದು. ಬ್ಯಾಂಡೇಜ್ ಅದನ್ನು ಗುಣಪಡಿಸುವುದಿಲ್ಲ, ಪೂರ್ತಿ ವಿಶ್ರಾಂತಿಯೂ ಉತ್ತರವಲ್ಲ. ಜಿಗಿತಗಳನ್ನು ಕಡಿಮೆ ಮಾಡಿ, ಗೋಡೆಗೆ ಬೆನ್ನು ಕೊಟ್ಟು ಮಂಡಿ ಬಗ್ಗಿಸಿ 45 ಸೆಕೆಂಡ್ ಕೂರುವ ವ್ಯಾಯಾಮವನ್ನು ಐದು ಬಾರಿ ಮಾಡಿಸಿ. ನೋವು ಇಳಿದಂತೆ ನಿಧಾನಗತಿಯ, ಭಾರ ಹೊತ್ತ ಬಸ್ಕಿಗಳಿಗೆ ಸಾಗಬಹುದು. ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ನೋವು ಹೆಚ್ಚಾಗಿದ್ದರೆ ಹಿಂದಿನ ದಿನದ ಜಿಗಿತ ಅತಿಯಾಯಿತೆಂದು ತಿಳಿಯಿರಿ. ಊತವಿದ್ದರೆ, ಅಥವಾ ಮಂಡಿ ಕೈಕೊಟ್ಟಂತೆ ಅನಿಸುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಉತ್ತರ: ಅಂತಿಮ ವರ್ಷದ ವಿದ್ಯಾರ್ಥಿ, ಸ್ಮ್ಯಾಶರ್

ಸರ್, ನಾನು ಬೇರೆ ಕಾಲೇಜಿನವನು, ಆದರೆ ನಿಮ್ಮ ಹುಡುಗರ ಸ್ಥಿತಿಯಲ್ಲೇ ಇದ್ದೇನೆ. ನಮ್ಮೂರಿನ ತಂಡದ ಅಣ್ಣಂದಿರೇ ನನಗೆ ಆಟ ಕಲಿಸಿದವರು. ಅವರು ಕರೆದಾಗ ಬರುವುದಿಲ್ಲವೆಂದು ಹೇಳಲು ನನ್ನಿಂದ ಆಗುವುದಿಲ್ಲ. ಆದರೆ ನಮ್ಮ ನಿರ್ದೇಶಕರು ಆ ಅಣ್ಣಂದಿರನ್ನೇ ಭೇಟಿಯಾಗಿ, ಆಯ್ಕೆ ಶಿಬಿರ ಮುಗಿಯುವವರೆಗೆ ಇವನನ್ನು ಕರೆಯಬೇಡಿ ಎಂದು ಕೇಳಿಕೊಂಡಾಗ ಅವರು ಸಂತೋಷದಿಂದ ಒಪ್ಪಿದರು. ಊರಿನ ಹುಡುಗ ವಿಶ್ವವಿದ್ಯಾಲಯಕ್ಕೆ ಆಡಿದರೆ ಅವರಿಗೂ ಹೆಮ್ಮೆಯೇ. ತಾವೂ ಹಾಗೆ ಮಾಡಬಹುದು. ಇನ್ನೊಂದು ವಿನಂತಿ: ಶೂ ಮತ್ತು ಪ್ರಯಾಣದ ಖರ್ಚನ್ನು ಕಾಲೇಜಿನ ಕ್ರೀಡಾ ನಿಧಿಯಿಂದ ಪಂದ್ಯಗಳಿಗೆ ಮೊದಲೇ ಕೊಡಿಸಲು ಸಾಧ್ಯವೇ ನೋಡಿ. ಬಿಲ್ ಸಲ್ಲಿಸಿದ ಮೇಲೆ ತಿಂಗಳುಗಟ್ಟಲೆ ಕಾಯಬೇಕಾದಾಗಲೇ ನಾವು ಶನಿವಾರ ರಾತ್ರಿ ಬ್ಯಾಗ್ ಹೊತ್ತು ಹೊರಡುವುದು.