ಕಾಲೇಜಿನಲ್ಲಿ ಓಟದ ಕೋಚ್ ಆಗಿ ಆಯುಷ್ಯ ಕಳೆಯಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ:

ನನಗೆ 27. ಎಂ.ಪಿ.ಎಡ್ ಮುಗಿಸಿ, ಪಟಿಯಾಲದ ಎನ್‌ಐಎಸ್‌ನಲ್ಲಿ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಅಥ್ಲೆಟಿಕ್ಸ್ ಕೋಚಿಂಗ್ ಡಿಪ್ಲೊಮಾ ಮಾಡಿ ಬಂದಿದ್ದೇನೆ. ಡಿಗ್ರಿ ಓದುವಾಗ 5,000 ಮೀಟರ್, ಕ್ರಾಸ್ ಕಂಟ್ರಿ (ಟ್ರ್ಯಾಕ್ ಬಿಟ್ಟು ಬಯಲು, ದಿಬ್ಬಗಳ ಮೇಲಿನ ದೂರದ ಓಟ) ಎರಡೂ ಓಡುತ್ತಿದ್ದೆ. ಈಗ ತಾಲ್ಲೂಕು ಕೇಂದ್ರದ ಒಂದು ಖಾಸಗಿ ಡಿಗ್ರಿ ಕಾಲೇಜಿನವರು ದೈಹಿಕ ಶಿಕ್ಷಣ ನಿರ್ದೇಶಕನ (ಪಿ.ಡಿ.) ಕೆಲಸಕ್ಕೆ ಕರೆದಿದ್ದಾರೆ. ಮೈದಾನ ಇದೆ, ಟ್ರ್ಯಾಕ್ ಇಲ್ಲ. ಬೆಂಗಳೂರಿನ ಜಿಮ್ ಒಂದರವರು ಇದರ ಎರಡರಷ್ಟು ಸಂಬಳ ಕೊಡ್ತೀವಿ ಅಂತಿದ್ದಾರೆ. ಅಪ್ಪ ಜಿಮ್ಮಿಗೇ ಹೋಗು ಅಂತಾರೆ. ಕಾಲೇಜಿನಲ್ಲೇ ಇಪ್ಪತ್ತು, ಮೂವತ್ತು ವರ್ಷ ಓಟಗಾರರನ್ನು ತಯಾರು ಮಾಡಿದವರು, ಅಂಥವರ ಕೈಯಲ್ಲಿ ಓಡಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ನಿವೃತ್ತ ಪಿ.ಡಿ., ಹಾಸನದ ಕಡೆಯವರು:

1988ರಿಂದ 2019. ಒಂದೇ ಕಾಲೇಜು, 31 ವರ್ಷ.

ಮೊದಲು ಕೆಲಸ ಏನು ಅಂತ ತಿಳ್ಕೊಳ್ಳಿ. ನಿಮ್ಮನ್ನ ಯಾರೂ ಕೋಚ್ ಅನ್ನಲ್ಲ, ಪಿ.ಡಿ. ಸಾರ್ ಅಂತಾರೆ. ಆಗಸ್ಟ್ 15ಕ್ಕೆ ಧ್ವಜದ ಹಗ್ಗ ಕಟ್ಟೋರು ನೀವು. ಕಾಲೇಜ್ ಡೇ ದಿನ ಶಾಮಿಯಾನದವನ ಹತ್ರ ಜಗಳ ಆಡೋರು ನೀವು. ಪರೀಕ್ಷೆ ದಿನ ಗೇಟಲ್ಲಿ ಐಡಿ ಕಾರ್ಡ್ ನೋಡೋರೂ ನೀವೇ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕೂವರೆಯಿಂದ ಕತ್ತಲಾಗೋವರೆಗೆ ಮಾತ್ರ ನೀವು ಕೋಚು. ನಡುವಿನ ಹೊತ್ತು ಪ್ರಿನ್ಸಿಪಾಲರದ್ದು.

ಸೇರಿದ ವರ್ಷ ಏಳು ಹುಡುಗರು ಸಿಕ್ಕಿದ್ರು. ಹುರುಪು ನೋಡಿ, ವಾರಕ್ಕೆ ಐದು ದಿನ 400 ಮೀಟರ್ ರಿಪಿಟಿಷನ್ ಹೊಡೆಸಿದೆ, ಅಂದ್ರೆ ಜೋರಾಗಿ ಓಡಿ, ಸ್ವಲ್ಪ ಸುಧಾರಿಸಿ, ಮತ್ತೆ ಓಡೋದು. ಆಗಸ್ಟಲ್ಲಿ ಟೈಮಿಂಗ್ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು. ಅಕ್ಟೋಬರಿನ ಅಂತರ ಕಾಲೇಜು ಕ್ರಾಸ್ ಕಂಟ್ರಿ ಹೊತ್ತಿಗೆ ಮೂವರು ಮೊಣಕಾಲಿನ ಕೆಳಗಿನ ಮೂಳೆ ಹಿಡ್ಕೊಂಡು ಕೂತಿದ್ರು. ವಾಪಸ್ ಬರೋವಾಗ ಬಸ್ಸಲ್ಲಿ ಒಬ್ಬ ಕೇಳಿದ, "ಸಾರ್, ನಾವು ಓಡಿದ್ದು ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?" ನಾನು ಕಿಟಕಿ ಕಡೆ ತಿರುಗಿದೆ.

ಒಂದು ದಿನ ಕಷ್ಟ, ಮಾರನೇ ದಿನ ಹಗುರ ಅನ್ನೋ ಪದ್ಧತಿಯನ್ನ ರೂಢಿಗೆ ತಂದವರು ಬಿಲ್ ಬೋವರ್‌ಮನ್, ಅಮೆರಿಕದ ಓರೆಗನ್ ವಿಶ್ವವಿದ್ಯಾಲಯದಲ್ಲಿ 1948ರಿಂದ 1972ರವರೆಗೆ ಕೋಚ್ ಆಗಿದ್ದೋರು. ಪಟಿಯಾಲದಲ್ಲಿ ನಿಮಗೂ ಪಾಠ ಮಾಡಿರ್ತಾರೆ. ನನಗೂ ಮಾಡಿದ್ರು. ಪರೀಕ್ಷೇಲಿ ಬರೆದು ಪಾಸಾಗಿದ್ದೆ, ಅಷ್ಟೇ. ಮೂರು ಹುಡುಗರ ಕಾಲು ಕೆಟ್ಟ ಮೇಲೆ ಅರ್ಥ ಆಯ್ತು.

ಮಾರನೇ ವರ್ಷದಿಂದ ಒಂದು ಲಾಂಗ್ ನೋಟ್‌ಬುಕ್ ಇಟ್ಟೆ. ಹುಡುಗರು ಎದ್ದ ತಕ್ಷಣ ಹಾಸಿಗೇಲೇ ನಾಡಿ ಎಣಿಸಬೇಕು, 15 ಸೆಕೆಂಡು, ನಾಲ್ಕರಿಂದ ಗುಣಿಸಿ ಬಂದು ಹೇಳಬೇಕು. ಯಾವಾಗಲೂ 54 ಇರೋನಿಗೆ 64 ಬಂದ್ರೆ ಅವತ್ತು ಅವನಿಗೆ ಓಟ ಇಲ್ಲ. ಜ್ವರ ಬರ್ತಿದೆ, ಇಲ್ಲ ರಾತ್ರಿ ಸಿನಿಮಾಕ್ಕೆ ಹೋಗಿದ್ದ. ಎರಡರಲ್ಲಿ ಯಾವುದು ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಅಂಥ ನೋಟ್‌ಬುಕ್ ಮನೇಲಿ ಈಗ 30 ಇವೆ.

ಟ್ರ್ಯಾಕ್ ಇಲ್ಲ ಅಂತ ಹೆದರಬೇಡಿ. ಕ್ರಾಸ್ ಕಂಟ್ರಿಗೆ ಬೇಕಾಗಿರೋದು ಕೆರೆ ಏರಿ, ತೆಂಗಿನ ತೋಟದ ಅಂಚು, ಒಂದು ದಿಬ್ಬ. ದೂರ ಅಳೆಯೋಕೆ ಸೈಕಲ್ ಸಾಕು. ನನ್ನ ಸೈಕಲ್ಲಿನ ಹಿಂದಿನ ಚಕ್ರದ ಸುತ್ತಳತೆ 2.15 ಮೀಟರ್ ಇತ್ತು. ಕಡ್ಡಿಗೆ ಕೆಂಪು ಬಟ್ಟೆ ಚೂರು ಕಟ್ಟಿ, ತಳ್ಕೊಂಡು ನಡೆದು, ಅದು ಮೇಲೆ ಬಂದ ಹಾಗೆಲ್ಲ ಎಣಿಸಿದ್ದು. 2.5 ಕಿಲೋಮೀಟರಿಗೆ 1,163 ಸುತ್ತು. ನೂರಕ್ಕೊಂದು ಕಲ್ಲು ಜೇಬಿಗೆ. ದಾರೀಲಿ ಯಾರೋ ಮಾತಾಡಿಸಿ ಎರಡು ಸಲ ಲೆಕ್ಕ ತಪ್ಪಿತ್ತು.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯ. ಡಿಗ್ರಿ ಮೂರು ವರ್ಷ. ಮೊದಲನೇ ವರ್ಷ ಓಡೋದು ಕಲೀತಾನೆ, ಎರಡನೇ ವರ್ಷ ಟೈಮಿಂಗ್ ಇಳಿಯುತ್ತೆ, ಮೂರನೇ ವರ್ಷ ಯೂನಿವರ್ಸಿಟಿ ಟೀಮಿಗೆ ಬರ್ತಾನೆ, ಅಷ್ಟರಲ್ಲಿ ಟಿ.ಸಿ. ತಗೊಂಡು ಹೋಗ್ತಾನೆ. ಜೂನ್ ಬಂದ್ರೆ ಲೇಸು ಕಟ್ಟೋದ್ರಿಂದ ಮತ್ತೆ ಶುರು. 31 ಸಲ ಹೊಸದಾಗಿ ಶುರು ಮಾಡೋ ತಾಳ್ಮೆ ಇದೆಯಾ ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ಸಂಬಳದ ಲೆಕ್ಕ ಆಮೇಲೆ.

ಅತಿಥಿ ಪಿ.ಡಿ. ಆಗಿ ಆರನೇ ವರ್ಷ, ಕರಾವಳಿ:

ಮೇಲಿನ ಸರ್ ಹೇಳಿದ್ದು ಸರಿಯೇ, ಆದರೆ ಅವರು ಸೇರಿದ ಕಾಲ ಬೇರೆ ಮಾರಾಯ್ರೆ. ಸಂಬಳದ ಲೆಕ್ಕ ಮೊದಲೇ ಹಾಕಿ. ನನಗೆ ವರ್ಷಕ್ಕೆ ಹತ್ತು ತಿಂಗಳ ಸಂಬಳ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಪ್ರಾಕ್ಟೀಸಿಗೆ ಬರ್ತಾರೆ, ಸಂಬಳ ಬರುವುದಿಲ್ಲ. ನೇಮಕದ ಆದೇಶ ಕಾಗದದಲ್ಲಿ ಕೊಡ್ತಾರಾ, ಪಿ.ಎಫ್. ಇದೆಯಾ, ಹುದ್ದೆ ಅನುದಾನಿತವಾ, ಈ ಮೂರು ಕೇಳದೆ ಸಹಿ ಹಾಕಬೇಡಿ. ನೆಟ್ ಅಥವಾ ಕೆಸೆಟ್ (ಕಾಲೇಜು ಹುದ್ದೆಯ ಅರ್ಹತಾ ಪರೀಕ್ಷೆಗಳು) ಪಾಸಾಗದಿದ್ದರೆ ಈಗಲೇ ಓದಿ. ಸೇರಿದ ಮೇಲೆ ಪುಸ್ತಕ ತೆರೆಯಲಿಕ್ಕೆ ಪುರುಸೊತ್ತು ಸಿಗುವುದಿಲ್ಲ.

ನನಗೆ ಬೇಸರ ಆಗುವ ಸಂಗತಿ ಇನ್ನೊಂದು. ನಾನು ಒಂದು ವರ್ಷ ಬೆಳಿಗ್ಗೆ ಎದ್ದು ಓಡಿಸಿದ ಹುಡುಗನನ್ನು ದೊಡ್ಡ ಕಾಲೇಜಿನವರು ಊಟ, ಹಾಸ್ಟೆಲ್ ಕೊಟ್ಟು ಕರ್ಕೊಂಡು ಹೋಗ್ತಾರೆ. ಹುಡುಗನ ಲೆಕ್ಕದಲ್ಲಿ ಅದು ಒಳ್ಳೆಯದೇ, ನಾನೇ ಬಸ್ ಹತ್ತಿಸಿ ಬಂದಿದ್ದೇನೆ. ಆದರೂ ಆ ದಿನ ಮೈದಾನಕ್ಕೆ ಹೋಗಲಿಕ್ಕೆ ಮನಸ್ಸಾಗಲಿಲ್ಲ.

ಪ್ರಶಸ್ತಿಯ ಆಸೆ ಇದ್ದರೆ ಹೇಳ್ತೇನೆ ಕೇಳಿ. ಕೋಚ್‌ಗಳಿಗೆ ಕೇಂದ್ರ ಸರ್ಕಾರ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ. ನಮ್ಮ ಅಥ್ಲೆಟಿಕ್ಸ್ ಕೋಚ್‌ಗಳಾದ ಎನ್. ಲಿಂಗಪ್ಪನವರಿಗೆ 2014ರಲ್ಲಿ, ವಿ.ಆರ್. ಬೀಡು ಅವರಿಗೆ 2018ರಲ್ಲಿ ಬಂತು, ಇಬ್ಬರಿಗೂ ಜೀವಮಾನ ಸಾಧನೆಯ ವಿಭಾಗದಲ್ಲಿ. ತಲೆ ಪೂರ್ತಿ ಬೆಳ್ಳಗಾಗುವವರೆಗೆ ಕಾಯಬೇಕು.

ಧಾರವಾಡ ಕಡೆಯಾಕಿ, ಈಗ ರೈಲ್ವೆ:

ನಾ ಕೋಚ್ ಅಲ್ರಿ, ಓಡಾಕಿ ಇದ್ದೆ. 1,500 ಮೀಟರ್ ಮತ್ತ ಕ್ರಾಸ್ ಕಂಟ್ರಿ. ಎರಡನೇ ವರ್ಷ ಏನಾತೋ ಏನೋ, ಎರಡು ಸುತ್ತಿಗೆ ಉಸಿರು ಹತ್ತಾಕತ್ತಿತು. ನಮ್ಮ ಸರ್ ಎಲ್ಲಾರ ಮುಂದ "ಮೈಗಳ್ಳಿ" ಅಂದ್ರು. ಹಾಸ್ಟೆಲ್‌ಗೆ ಬಂದು ಅತ್ತೆ. ಒಂದು ವಾರ ಬಿಟ್ಟು ಅವರಿಗೇ ಏನ ಅನುಮಾನ ಬಂತೋ, ತಾಲ್ಲೂಕು ದವಾಖಾನಿಗೆ ಕರಕೊಂಡು ಹೋಗಿ ರಕ್ತ ತಪಾಸ ಮಾಡಿಸಿದ್ರು. ಹಿಮೋಗ್ಲೋಬಿನ್ 8.4. ಹೆಣ್ಣಮಕ್ಕಳಿಗೆ 12 ಇರಬೇಕು. ಕಬ್ಬಿಣದ ಗುಳಿಗಿ ಶುರು ಆತು. ಗುಳಿಗಿ ತಗೊಂಡ ಮ್ಯಾಲೆ ಚಾ ಕುಡೀಬಾರದು, ಲಿಂಬಿಹಣ್ಣಿನ ಪಾನಕ ಕುಡೀಬೇಕು ಅಂತ ನರ್ಸ್ ಹೇಳಿದ್ದು ಇನ್ನೂ ನೆನಪೈತಿ. ಮೂರು ತಿಂಗಳಿಗೆ ಮೊದಲಿನ ಓಟ ಬಂತು.

ಮಾರನೇ ಜೂನ್‌ಗೆ ಸರ್ ಹೊಸಾ ಹುಡುಗ್ಯಾರನ್ನ ಮೈದಾನಕ್ಕ ಇಳಸೂ ಮೊದಲ ಎಲ್ಲಾರನ್ನೂ ದವಾಖಾನಿಗೆ ಕರಕೊಂಡು ಹೋದ್ರು. ನನಗ ಸಾರಿ ಅಂತ ಬಾಯಿಲೆ ಅನ್ನಲಿಲ್ಲ. ಮೆಸ್ಸಿನ್ಯಾಗ ಓಟದ ಟೀಮಿಗೆ ದಿನಾ ಶೇಂಗಾ, ಬೆಲ್ಲ, ತತ್ತಿ ಕೊಡಾಕ ಹಚ್ಚಿದ್ರು, ಅದರ ಸಲುವಾಗಿ ವಾರ್ಡನ್ ಕೂಡ ಜಗಳ ಆಡಿದ್ರು. ಕ್ರೀಡಾ ಕೋಟಾದಾಗ ನನಗ ನೌಕರಿ ಸಿಕ್ಕಾಗ ಮೊದಲ ಫೋನ್ ಮಾಡಿದ್ದು ಅವರಿಗೆ. "ರಕ್ತ ತಪಾಸ ಮಾಡಿಸ್ಕೊಂಡಿಯೇನು ಈ ವರ್ಷ?" ಅಂದ್ರು.

ನೀವು ಹೆಣ್ಣಮಕ್ಕಳನ್ನ ಓಡಸಾವ್ರು ಇದ್ರ ಇದನ್ನ ಮೊದಲ ವಾರಕ್ಕ ಮಾಡ್ರಿ.

ಕೊಲೊರಾಡೊದಲ್ಲಿರುವ ಕನ್ನಡಿಗ:

ಮಗಳು ಇಲ್ಲಿ ಹೈಸ್ಕೂಲಿನಲ್ಲಿ ಕ್ರಾಸ್ ಕಂಟ್ರಿ ಓಡ್ತಾಳೆ, ಹಾಗಾಗಿ ಶನಿವಾರವೆಲ್ಲ ಹುಲ್ಲಿನ ಮೇಲೆ ನಿಂತು ಕೂಗೋದೇ ನನ್ನ ಕೆಲಸ. ಇಲ್ಲಿ ಕಾಲೇಜು ಕೋಚಿಗೆ ಶಾಮಿಯಾನದ ತಾಪತ್ರಯ ಇಲ್ಲ, ಆದರೆ ಬಹಳ ಕಡೆ ಶರತ್ಕಾಲದ ಕ್ರಾಸ್ ಕಂಟ್ರಿ, ಚಳಿಗಾಲದ ಒಳಾಂಗಣ ಟ್ರ್ಯಾಕ್, ಆಮೇಲೆ ಜೂನ್‌ವರೆಗೆ ಹೊರಾಂಗಣ ಟ್ರ್ಯಾಕ್, ಮೂರಕ್ಕೂ ಒಬ್ಬರೇ. ಇದರ ಮಧ್ಯೆ ಹೈಸ್ಕೂಲು ಮಕ್ಕಳ ಹಿಂದೆ ಬಿದ್ದು ನಮ್ಮಲ್ಲಿಗೆ ಬನ್ನಿ ಅಂತ ಕರೆಯೋದು ಬೇರೆ.

ಈ ರಾಜ್ಯದಲ್ಲಿ ಎಲ್ಲರೂ ಹೇಳುವ ಹೆಸರು ಜೋ ವಿಜಿಲ್. ಅಲಮೋಸಾ ಅನ್ನುವ ಚಿಕ್ಕ ಊರು, ಸಮುದ್ರ ಮಟ್ಟದಿಂದ 2,200 ಮೀಟರಿಗೂ ಮೇಲೆ, ಚಳಿ ಅಂದರೆ ಚಳಿ. ಅಲ್ಲಿನ ಆಡಮ್ಸ್ ಸ್ಟೇಟ್ ಕಾಲೇಜಿನಲ್ಲಿ ಅವರು ಸುಮಾರು ಮೂರು ದಶಕ ಕಳೆದರು. ಇಲ್ಲಿನ ಕ್ರಾಸ್ ಕಂಟ್ರಿಯಲ್ಲಿ ಏಳು ಜನ ಓಡ್ತಾರೆ, ಮೊದಲ ಐವರು ಬಂದ ಸ್ಥಾನ ಕೂಡಿಸ್ತಾರೆ, ಕಡಿಮೆ ಬಂದ ಟೀಮ್ ಗೆದ್ದ ಹಾಗೆ. 1992ರಲ್ಲಿ ಎನ್‌ಸಿಎಎ (ಇಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ) ನಡೆಸಿದ ಎರಡನೇ ಡಿವಿಜನ್ ಚಾಂಪಿಯನ್‌ಷಿಪ್‌ನಲ್ಲಿ ಅವರ ಹುಡುಗರು ಒಂದರಿಂದ ಐದರವರೆಗೆ ಎಲ್ಲ ಸ್ಥಾನ ಹಿಡಿದು 15 ಅಂಕ ಮಾಡಿದರು. ಅದಕ್ಕಿಂತ ಕಡಿಮೆ ಮಾಡಲು ಬರುವುದೇ ಇಲ್ಲ. ಕಾಲೇಜು ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಕಂಚು ಗೆದ್ದ ಡೀನಾ ಕ್ಯಾಸ್ಟರ್ ಅವರ ಶಿಷ್ಯೆ.

ನನಗೆ ಇದರಲ್ಲಿ ಹಿಡಿಸಿದ್ದು ಐದನೆಯವನ ಲೆಕ್ಕ. ಮೊದಲನೆಯವನು ಹೇಗೂ ಓಡ್ತಾನೆ. ಟೀಮ್ ಸೋಲೋದು, ಗೆಲ್ಲೋದು ಐದನೆಯವನು ಎಷ್ಟು ಹಿಂದೆ ಉಳಿದ ಅನ್ನೋದರ ಮೇಲೆ. ನಿಮ್ಮ ಸಂಜೆ ಹೊತ್ತನ್ನು ಅವನಿಗೆ ಕೊಡಿ.

ಕೋಚ್ ಒಬ್ಬರ ಮನೆಯಾಕೆ, ತುಮಕೂರು:

ಕೇಳಿದ್ದು ಕೋಚ್‌ಗಳನ್ನ, ಆದ್ರೂ ಬರೀತೀನಿ. ಬೆಳಿಗ್ಗೆ ಐದಕ್ಕೆ ಅಲಾರಾಂ, ಭಾನುವಾರನೂ. ಮದುವೆ ಆದ ವರ್ಷ ದಸರಾಗೆ ತವರಿಗೆ ಹೋಗಲಿಲ್ಲ, ಯಾವುದೋ ಮೀಟ್ ಇತ್ತು. ನಮ್ಮನೆ ಪ್ರೆಷರ್ ಕುಕ್ಕರಲ್ಲಿ ಬೆಂದ ಮೊಟ್ಟೆ ಲೆಕ್ಕ ಇಟ್ಟಿದ್ದರೆ ಕೋಳಿ ಫಾರಂ ಒಂದು ಆಗ್ತಿತ್ತು. ಈಗ ಅವರು ರಿಟೈರ್ಡ್. ಹೋದ ತಿಂಗಳು ಬಸ್ ಸ್ಟ್ಯಾಂಡಲ್ಲಿ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿ, "ಅಮ್ಮಾ, ನಿಮ್ಮನೆ ಮೊಟ್ಟೆ ತಿಂದೋನು" ಅಂದ. ಹೆಸರು ನೆನಪಾಗಲಿಲ್ಲ. ಹುಡುಗಿ ನೋಡೋಕೆ ಹೋದಾಗ ಅಲಾರಾಂ ವಿಷಯ ಮೊದಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಆದೇಶದ ಪ್ರತಿ ಕೇಳಿದೆ, ಸೋಮವಾರ ಕೊಡ್ತೀವಿ ಅಂದಿದ್ದಾರೆ. ಕಾಗದ ಕೈಗೆ ಬಂದರೆ ಸೇರ್ತೀನಿ. ಹಾಸನದ ಸರ್, ಮೈದಾನ ನೋಡಿ ಬಂದೆ. 200 ಮೀಟರಿನ ಸುತ್ತು ಮಾತ್ರ ಹಿಡಿಸುತ್ತೆ. ಸ್ಟ್ಯಾಗರ್ (ಹೊರಗಿನ ಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕು ಅನ್ನೋದು) ಲೆಕ್ಕ 400 ಮೀಟರ್ ಟ್ರ್ಯಾಕಿನದ್ದೇ ಹಾಕಬಹುದಾ?

ಹಾಸನದವರು:

ಒಂದು ಪೂರ್ತಿ ಸುತ್ತಿನ ಓಟಕ್ಕೆ ಟ್ರ್ಯಾಕ್ ಚಿಕ್ಕದಾದ್ರೂ ದೊಡ್ಡದಾದ್ರೂ ಸ್ಟ್ಯಾಗರ್ ಒಂದೇ, ತ್ರಿಜ್ಯ ಲೆಕ್ಕಕ್ಕೇ ಬರಲ್ಲ. ಲೇನ್ ಅಗಲ 1.22 ಮೀಟರ್ ಇಟ್ಟು 6.2832ರಿಂದ ಗುಣಿಸಿ, ಲೇನಿಗೆ 7.67 ಬರುತ್ತೆ. ಪುಸ್ತಕದಲ್ಲಿ ಎರಡನೇ ಲೇನಿಗೆ 7.04 ಅಂತ ಇರುತ್ತೆ, ಅದು ಒಳ ಅಂಚಿಗೆ ಕಟ್ಟೆ ಇರೋ ಟ್ರ್ಯಾಕಿಗೆ. ಕಟ್ಟೆ ಇದ್ರೆ ಒಂದನೇ ಲೇನನ್ನ 30 ಸೆಂ.ಮೀ. ಬಿಟ್ಟು ಅಳೀತಾರೆ, ಬರೀ ಸುಣ್ಣದ ಗೆರೆ ಆದ್ರೆ 20. ನಿಮ್ಮದು ಸುಣ್ಣ, ಉಳಿದ ಲೇನುಗಳನ್ನೂ 20ಕ್ಕೇ ಅಳೆಯೋದು, ಹಾಗಾಗಿ ಪ್ರತಿ ಲೇನನ್ನೂ ಅದರ ಒಳಗಿನ ಲೇನಿಗಿಂತ 7.67 ಮುಂದೆ ಹಾಕಿ. 400 ಮೀಟರನ್ನ ಎರಡು ಸುತ್ತೂ ಲೇನಲ್ಲೇ ಓಡಿಸೋದಾದ್ರೆ ದುಪ್ಪಟ್ಟು.

ಬಟ್ಟೆ ಟೇಪ್ ಹಿಗ್ಗುತ್ತೆ, ಸ್ಟೀಲ್ ಟೇಪ್ ತಗೊಳ್ಳಿ. ಗೆರೆ ಹಾಕೋ ಮುಂಚೆ ನೆಲಕ್ಕೆ ನೀರು ಚಿಮುಕಿಸಿ. ಸುಣ್ಣದ ಪುಡಿ ಒಂದು ಮೂಟೆ ಜಾಸ್ತಿನೇ ಬರೆಸಿ, ಕಾಲೇಜ್ ಡೇ ರಂಗೋಲಿಗೆ ಅಂತ ಒಂದು ಎತ್ಕೊಂಡು ಹೋಗ್ತಾರೆ.